ನೋಟಿನ ಮೇಲೊಂದು ಬೆಳ್ಳಿ ರೂಪಾಯಿ

1917ರ ಒಂದು ರೂಪಾಯಿ ನೋಟಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಒಂದು ನಾಣ್ಯ. ಎಡಗಡೆ ಮೂಲೆಯಲ್ಲಿ ಐದನೇ ಜಾರ್ಜ್ ದೊರೆಯ ಬೆಳ್ಳಿ ರೂಪಾಯಿಯ ಚಿತ್ರ ಅಚ್ಚಾಗಿದೆ. ಕಿರೀಟ, ಗಡ್ಡ, ನಿಲುವಂಗಿ, ಸುತ್ತಲಿನ ಅಕ್ಷರ, ಎಲ್ಲ ನಾಣ್ಯದಲ್ಲಿ ಇದ್ದ ಹಾಗೇ ಇದೆ. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಮಾತು: ಈ ನೋಟು ತಂದವರಿಗೆ ಕೇಳಿದ ಕೂಡಲೇ ಒಂದು ರೂಪಾಯಿ ಕೊಡುತ್ತೇನೆ ಅಂತ ವಾಗ್ದಾನ.

ಈ ಕಾಗದ ಕೊಟ್ಟರೆ ಚಿತ್ರದಲ್ಲಿ ಕಾಣುವ ಆ ಬೆಳ್ಳಿ ಸಿಗುತ್ತದೆ ಅಂತ ಅರ್ಥ. ಓದು ಬರಹ ಬಾರದವರಿಗೂ ತಿಳಿಯಲಿ ಅಂತ ಚಿತ್ರದಲ್ಲೇ ಹೇಳಿದ್ದಾರೆ. ಆದರೆ ಆ ನೋಟನ್ನು ಅಚ್ಚು ಹಾಕಿಸಿದ್ದೇ ಬೆಳ್ಳಿ ಸಾಲದೆ ಬಂದದ್ದಕ್ಕೆ. ಕೊಡುತ್ತೇನೆ ಅಂದದ್ದು ಕೈಯಲ್ಲಿ ಇಲ್ಲದಿದ್ದಾಗ ಅದರ ಚಿತ್ರ ಬಿಡಿಸಿ ಕೊಟ್ಟರು. ಇದು ಬಹಳ ವರ್ಷದಿಂದ ನನ್ನ ತಲೆ ಕೊರೆಯುತ್ತಿದೆ. ಅದಕ್ಕೇ ಇವತ್ತು ಇದರ ಕಥೆ ಪೂರ್ತಿ ಬರೆಯೋಣ ಅಂತ ಕೂತಿದ್ದೇನೆ.

ನಾನು ಹುಬ್ಬಳ್ಳಿಯವಳು. ಕೆಲಸದಲ್ಲಿ ಇದ್ದಷ್ಟು ದಿನ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲೇ ಕೂತವಳು. ನೋಟು ಎಣಿಸಿ, ಹರಕು ಬೇರೆ, ಒಳ್ಳೆಯದು ಬೇರೆ ಮಾಡಿ ಬಂಡಲ್ ಕಟ್ಟುವುದೇ ನನ್ನ ಕೆಲಸ. ಸಾವಿರ, ಐನೂರರ ನೋಟಿಗೆ ಜನ ಮರ್ಯಾದೆ ಕೊಡುತ್ತಿದ್ದರು. ಮಡಚುವಾಗಲೂ ಮೆತ್ತಗೆ ಮಡಚುತ್ತಿದ್ದರು. ಒಂದರ, ಎರಡರ, ಐದರ ನೋಟಿನ ಪಾಡು ಬೇರೆ. ಅದು ಸೊಂಟಕ್ಕೆ ಸಿಕ್ಕಿಸಿಕೊಂಡು, ಎಲೆ ಅಡಿಕೆ ಚೀಲದೊಳಗೆ ಕೂತು, ಸಂತೆಯ ತರಕಾರಿ ನೀರಿನಲ್ಲಿ ನೆನೆದು, ಕೌಂಟರಿಗೆ ಬರುವ ಹೊತ್ತಿಗೆ ಬಟ್ಟೆ ಚೂರಿನ ಹಾಗೆ ಆಗಿರುತ್ತಿತ್ತು. ಆ ಚಿಕ್ಕ ನೋಟುಗಳ ಮೇಲೆ ನನಗೆ ಆಗಿನಿಂದಲೇ ಜೀವ. ನಿವೃತ್ತಿ ಆದ ಮೇಲೆ ಹಳೆಯ ಚಿಕ್ಕ ನೋಟುಗಳನ್ನೇ ಹುಡುಕಿ ಕೂಡಿಸುತ್ತಾ ಬಂದೆ.

1917ರ ನೋಟು ಮೊದಲ ಸಲ ಕೈಗೆ ಬಂದದ್ದು ಒಂದು ನಾಣ್ಯ ಪ್ರದರ್ಶನದಲ್ಲಿ. ಮಾರುವವರು ವಯಸ್ಸಾದವರು, ನಮ್ಮ ಕಡೆಯವರೇ. ಪ್ಲಾಸ್ಟಿಕ್ ಕವರಿನಲ್ಲಿದ್ದ ನೋಟನ್ನು ನನ್ನ ಅಂಗೈ ಮೇಲೆ ಇಟ್ಟು, "ಹಲ್ಲು ನೋಡ್ರಿ ಅಕ್ಕಾರ, ಮೊದಲ ಹಲ್ಲು ನೋಡ್ರಿ" ಅಂದರು. ನೋಟಿನ ಎಡಗಡೆ ಅಂಚು ನೇರ ಇರಲಿಲ್ಲ. ಅಂಚೆ ಚೀಟಿಯನ್ನು ಹರಿದು ತೆಗೆದಾಗ ಉಳಿಯುತ್ತದಲ್ಲ, ಅಂಥ ಸಣ್ಣ ಸಣ್ಣ ಹಲ್ಲು. ಈ ನೋಟು ಬರುತ್ತಿದ್ದದ್ದು ಚೆಕ್ ಪುಸ್ತಕದ ಹಾಗೆ, 25 ನೋಟಿನ ಒಂದು ಪುಸ್ತಕ. ಬೇಕಾದಷ್ಟನ್ನು ಹರಿದು ಕೊಡಬೇಕು. "ಹಲ್ಲು ಪೂರಾ ಇದ್ರ ರೇಟು ಬ್ಯಾರೆ, ಕತ್ತರಿಸಿ ನೀಟ್ ಮಾಡಿದ್ರ ಬ್ಯಾರೆ" ಅಂದರು ಆ ಕಾಕಾ. ಯಾರೋ ಪುಣ್ಯಾತ್ಮರು ಅಂಚು ಚೆಂದ ಕಾಣಲಿ ಅಂತ ಕತ್ತರಿ ಆಡಿಸಿದ ನೋಟುಗಳೂ ಅವರ ಹತ್ತಿರ ಇದ್ದವು.

ಬೆಳಕಿಗೆ ಹಿಡಿದರೆ ಕಾಗದದೊಳಗೆ ಕಿರಣ ಬಿಡುವ ಒಂದು ನಕ್ಷತ್ರದ ವಾಟರ್‌ಮಾರ್ಕ್. ಹಿಂದೆ ತಿರುಗಿಸಿದರೆ ಒಂದು ರೂಪಾಯಿ ಅಂತ ಎಂಟು ಭಾಷೆಯಲ್ಲಿ ಬರೆದಿದೆ. ಅದರಲ್ಲಿ ನಮ್ಮ ಕನ್ನಡವೂ ಇದೆ. ಕರ್ನಾಟಕ ಅನ್ನುವ ರಾಜ್ಯ ಇನ್ನೂ ಇರಲಿಲ್ಲ. ಧಾರವಾಡ, ಬೆಳಗಾವಿ ಮುಂಬೈ ಪ್ರಾಂತ್ಯಕ್ಕೆ, ಬಳ್ಳಾರಿ, ಮಂಗಳೂರು ಮದ್ರಾಸಿಗೆ ಸೇರಿದ್ದವು. ಮೈಸೂರು ಮಹಾರಾಜರ ಕೈಯಲ್ಲಿತ್ತು. ಬರ್ಮಾ ಆಗ ಬ್ರಿಟಿಷ್ ಇಂಡಿಯಾದ ಭಾಗ, ಹಾಗಾಗಿ ಬರ್ಮೀಸ್ ಲಿಪಿಯೂ ಅಲ್ಲಿದೆ. ನೋಟಿಗೆ ಸಹಿ ಆಗಿನ ಸರ್ಕಾರದ ಹಣಕಾಸು ಅಧಿಕಾರಿ ಎಂ. ಎಂ. ಎಸ್. ಗಬ್ಬೆ ಅವರದು. ಆಮೇಲಿನ ಕಂತುಗಳಲ್ಲಿ ಮ್ಯಾಕ್‌ವಾಟರ್ಸ್ ಮತ್ತು ಡೆನ್ನಿಂಗ್ ಸಹಿ ಸಿಗುತ್ತವೆ. ಅಚ್ಚಾದದ್ದು ಇಂಗ್ಲೆಂಡಿನಲ್ಲಿ. ನಾಸಿಕದ ಪ್ರೆಸ್ಸಿನಲ್ಲಿ ನೋಟು ಅಚ್ಚು ಹಾಕಲು ಇನ್ನೂ ಸುಮಾರು ಹತ್ತು ವರ್ಷ ಬೇಕಿತ್ತು.

ಆ ಕಾಲದ ಬೇರೆ ನೋಟುಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ಇದು ಎಷ್ಟು ಬೇರೆ ಅಂತ ಗೊತ್ತಾಗುತ್ತದೆ. ಐದು, ಹತ್ತು, ನೂರರ ನೋಟುಗಳು ಆಗ ದೊಡ್ಡ ಹಾಳೆಗಳು. ಒಂದೇ ಮಗ್ಗುಲಿಗೆ ಅಚ್ಚು, ತುಂಬಾ ಬರಹ, ಮುಖ ಇಲ್ಲ. ಐದನೇ ಜಾರ್ಜ್ ಭಾವಚಿತ್ರದ ಹತ್ತರ ನೋಟು ಬಂದದ್ದು 1923ರಲ್ಲಿ. 1917ರಲ್ಲಿ ದೊರೆ ಕಾಗದದ ಮೇಲೆ ಕಾಣಿಸಿಕೊಂಡದ್ದು ನಾಣ್ಯದ ಚಿತ್ರವಾಗಿ ಮಾತ್ರ. ಅದೂ ಅಲ್ಲದೆ ಅಲ್ಲಿಯವರೆಗೆ ಐದು ರೂಪಾಯಿಗಿಂತ ಚಿಕ್ಕ ನೋಟು ಇರಲೇ ಇಲ್ಲ. ಆಗಿನ ಐದು ರೂಪಾಯಿ ಅಂದರೆ ಕೂಲಿ ಮಾಡುವವನ ಕೈಗೆ ಸುಲಭಕ್ಕೆ ಬರುವ ದುಡ್ಡಲ್ಲ. ನೋಟು ಸಾಹುಕಾರರ, ವ್ಯಾಪಾರಿಗಳ, ಸರ್ಕಾರದ ಸಾಮಾನು. ಉಳಿದವರಿಗೆ ದುಡ್ಡು ಅಂದರೆ ಬೆಳ್ಳಿ.

ಆ ಬೆಳ್ಳಿ ರೂಪಾಯಿಯ ಬಗ್ಗೆ ಸ್ವಲ್ಪ ಹೇಳಬೇಕು. ತೂಕ ಒಂದು ತೊಲೆ, ಅಂದರೆ 180 ಗ್ರೇನ್, ಗ್ರಾಮಿನಲ್ಲಿ 11.66. ಹನ್ನೆರಡರಲ್ಲಿ ಹನ್ನೊಂದು ಪಾಲು ಶುದ್ಧ ಬೆಳ್ಳಿ. ಪತ್ತಾರರ ತಕ್ಕಡಿಯಲ್ಲಿ ಅದೇ ತೂಕದ ಬಟ್ಟು. ಕಲ್ಲಿನ ಮೇಲೆ ಬಡಿದು, ಟಣ್ ಅಂದರೆ ಒಳ್ಳೆಯದು, ಮಂಕಾಗಿ ಸದ್ದು ಬಂದರೆ ಖೊಟ್ಟಿ. ಕೊಂಡಿ ಬೆಸೆದು ಸರ ಮಾಡಿಸಿಕೊಳ್ಳುತ್ತಿದ್ದರು. ಲಂಬಾಣಿ ಹೆಂಗಸರ ಒಡವೆಯಲ್ಲಿ ಆ ನಾಣ್ಯಗಳನ್ನು ನೀವೂ ನೋಡಿರುತ್ತೀರಿ. ಮಗಳ ಮದುವೆಗೆ, ಬರಗಾಲಕ್ಕೆ ಅಂತ ಗಡಿಗೆಯಲ್ಲಿ ಹಾಕಿ ನೆಲದಲ್ಲಿ ಹೂಳುತ್ತಿದ್ದರು. ಬ್ಯಾಂಕು ಊರಿಗೊಂದು ಇಲ್ಲದ ಕಾಲ. ಹೂತಿಟ್ಟ ರೂಪಾಯಿಯೇ ಉಳಿತಾಯ ಖಾತೆ.

ನೋಟಿನ ಮೇಲಿನ ಆ ನಾಣ್ಯಕ್ಕೂ ತನ್ನದೇ ಒಂದು ಕಥೆ ಇದೆ. 1911ರಲ್ಲಿ ಐದನೇ ಜಾರ್ಜ್ ಹೆಸರಿನ ಮೊದಲ ರೂಪಾಯಿ ಬಂತು. ದೊರೆಯ ಎದೆಯ ಮೇಲಿನ ಪದಕದ ಹಾರದಲ್ಲಿ ಒಂದು ಪುಟ್ಟ ಆನೆ ಇತ್ತು. ಕೆತ್ತಿದವರು ಆನೆಯ ಸೊಂಡಿಲನ್ನು ಗಿಡ್ಡ ಮಾಡಿಬಿಟ್ಟರು. ನೋಡಿದವರಿಗೆ ಅದು ಹಂದಿಯ ಹಾಗೆ ಕಂಡಿತು. ಹಿಂದೂಗಳೂ ಮುಸ್ಲಿಮರೂ ದಿನಾ ಕೈಯಲ್ಲಿ ಹಿಡಿಯಬೇಕಾದ ನಾಣ್ಯ. ಗದ್ದಲ ಎದ್ದಿತು. ಸರ್ಕಾರ ಹಂಚುವುದನ್ನು ನಿಲ್ಲಿಸಿ, ಉಳಿದದ್ದನ್ನು ಕರಗಿಸಿ, ಸೊಂಡಿಲು ಉದ್ದ ಮಾಡಿ 1912ರಿಂದ ಹೊಸ ಅಚ್ಚು ಹಾಕಿಸಿತು. ಭೂತಗನ್ನಡಿ ಹಿಡಿದರೆ ಮಾತ್ರ ಸರಿಯಾಗಿ ಕಾಣುವಷ್ಟು ಚಿಕ್ಕ ಆನೆ ಅದು. ಜನ ಆ ನಾಣ್ಯವನ್ನು ಅಷ್ಟು ಹತ್ತಿರದಿಂದ ನೋಡುತ್ತಿದ್ದರು ಅಂತ ಇದರಿಂದ ತಿಳಿಯುತ್ತದೆ. ಅಂಥವರ ಕೈಗೆ ಐದು ವರ್ಷದ ಮೇಲೆ ಬೆಳ್ಳಿಯ ಬದಲು ಕಾಗದ ಬಂತು.

ಯಾಕೆ ಬಂತು? ಮೊದಲ ಮಹಾಯುದ್ಧ, ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತಾರೆ. ಆದರೆ ಯುದ್ಧಕ್ಕೂ ಬೆಳ್ಳಿಗೂ ಏನು ಸಂಬಂಧ ಅನ್ನುವುದನ್ನು ಬಿಡಿಸಿ ನೋಡಬೇಕು.

1914ರಿಂದ ಭಾರತದ ಸೆಣಬು, ಗೋಧಿ, ತೊಗಲು ಎಲ್ಲದಕ್ಕೂ ಯುದ್ಧದ ದೇಶಗಳಿಂದ ಬೇಡಿಕೆ. ಮೆಸೊಪೊಟೇಮಿಯಾದಲ್ಲಿ, ಅಂದರೆ ಇವತ್ತಿನ ಇರಾಕಿನಲ್ಲಿ, ಕಾದಾಡುತ್ತಿದ್ದ ಸೈನ್ಯಕ್ಕೆ ಬೇಕಾದ ಸಾಮಾನು, ಸಂಬಳ ಎಲ್ಲ ಭಾರತದಿಂದ ಹೋಗಬೇಕು. ಅಲ್ಲಿಯೂ ಆಗ ನಡೆಯುತ್ತಿದ್ದದ್ದು ನಮ್ಮ ರೂಪಾಯಿಯೇ. ಇಲ್ಲಿಂದ ಮಾಲು ಹೋಗುತ್ತದೆ, ಅಲ್ಲಿಂದ ಬರಬೇಕಾದ ಮಾಲು ಬರುವುದಿಲ್ಲ. ಇಂಗ್ಲೆಂಡಿನ ಕಾರ್ಖಾನೆಗಳು ಮದ್ದುಗುಂಡು ಮಾಡುತ್ತಿವೆ, ಹಡಗುಗಳು ಸಿಗುತ್ತಿಲ್ಲ, ಚಿನ್ನ ಕಳಿಸುವುದನ್ನೂ ಬಿಗಿ ಹಿಡಿದಿದ್ದಾರೆ. ಹಾಗಾದರೆ ಬಾಕಿ ತೀರುವುದು ಹೇಗೆ? ಲಂಡನ್ನಿನಲ್ಲಿ ಕೌನ್ಸಿಲ್ ಬಿಲ್ ಅಂತ ಒಂದು ಹುಂಡಿ ಮಾರುತ್ತಿದ್ದರು. ಅಲ್ಲಿ ಪೌಂಡು ಕಟ್ಟಿದರೆ ಇಲ್ಲಿ ಕಲ್ಕತ್ತೆ, ಮುಂಬೈ, ಮದ್ರಾಸಿನ ಖಜಾನೆಯಲ್ಲಿ ರೂಪಾಯಿ ಎಣಿಸಿ ಕೊಡುತ್ತಾರೆ. ಪೌಂಡು ಲಂಡನ್ನಿನಲ್ಲೇ ಲೆಕ್ಕದ ಪುಸ್ತಕದಲ್ಲಿ ಕೂರುತ್ತದೆ. ಇಲ್ಲಿ ಮಾತ್ರ ನಿಜವಾದ ಬೆಳ್ಳಿ ಹೊರಗೆ ಹೋಗಬೇಕು. ಸೆಣಬು ಬೆಳೆದವನು ಪುಸ್ತಕದ ಲೆಕ್ಕ ತೆಗೆದುಕೊಂಡು ಏನು ಮಾಡುತ್ತಾನೆ? ಅವನಿಗೆ ರೂಪಾಯಿ ಬೇಕು.

ಅಷ್ಟರಲ್ಲಿ ಬೆಳ್ಳಿಯೇ ಕಡಿಮೆ ಆಯಿತು. ಲೋಕಕ್ಕೆಲ್ಲ ಬೆಳ್ಳಿ ಕೊಡುತ್ತಿದ್ದ ದೊಡ್ಡ ದೇಶಗಳಲ್ಲಿ ಮೆಕ್ಸಿಕೊ ಒಂದು. ಅಲ್ಲಿ 1910ರಿಂದ ಕ್ರಾಂತಿ, ಗಣಿಗಳು ನಿಂತವು. ಇತ್ತ ಚೀನಾವೂ ಬೆಳ್ಳಿ ಕೊಳ್ಳುತ್ತಿತ್ತು. ಬೆಲೆ ಏರಿತು.

ಇಲ್ಲೊಂದು ಲೆಕ್ಕ ಇದೆ. ಕ್ಯಾಷಿಯರ್ ಆಗಿ ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಆಗ ಒಂದು ರೂಪಾಯಿಗೆ 16 ಪೆನ್ಸ್, ಅಂದರೆ 1 ಶಿಲ್ಲಿಂಗ್ 4 ಪೆನ್ಸ್. ಪೌಂಡಿಗೆ 15 ರೂಪಾಯಿ. 1893ರಲ್ಲಿ ಟಂಕಸಾಲೆಗಳು ಜನರ ಬೆಳ್ಳಿಯನ್ನು ತೆಗೆದುಕೊಂಡು ರೂಪಾಯಿ ಮಾಡಿಕೊಡುವುದನ್ನು ನಿಲ್ಲಿಸಿದ್ದವು. ಅಂದಿನಿಂದ ರೂಪಾಯಿಯ ಬೆಲೆ ಅದರೊಳಗಿನ ಬೆಳ್ಳಿಗಿಂತ ಜಾಸ್ತಿ. 1915ರಲ್ಲಿ ಲಂಡನ್ನಿನಲ್ಲಿ ಬೆಳ್ಳಿ ಔನ್ಸಿಗೆ 27 ಪೆನ್ಸ್ ಆಸುಪಾಸು ಇತ್ತು. ಆ ದರದಲ್ಲಿ ಒಂದು ರೂಪಾಯಿಯೊಳಗಿನ ಬೆಳ್ಳಿಯ ಬೆಲೆ ಬರೀ 10 ಪೆನ್ಸ್. ಕರಗಿಸಿದರೆ ನಷ್ಟ. ಹಾಗಾಗಿ ಯಾರೂ ಕರಗಿಸುತ್ತಿರಲಿಲ್ಲ. ಬೆಳ್ಳಿ 43 ಪೆನ್ಸ್ ಮುಟ್ಟಿದರೆ ರೂಪಾಯಿಯ ಬೆಲೆಯೂ ಬೆಳ್ಳಿಯ ಬೆಲೆಯೂ ಒಂದೇ ಆಗುತ್ತದೆ. ಅದನ್ನು ದಾಟಿತೋ, ರೂಪಾಯಿಯನ್ನು ರೂಪಾಯಿಯಾಗಿ ಖರ್ಚು ಮಾಡುವವನಿಗೆ ನಷ್ಟ, ಕುಲುಮೆಗೆ ಹಾಕುವವನಿಗೆ ಲಾಭ. 1917ರ ಆಗಸ್ಟಿನಲ್ಲಿ ಬೆಳ್ಳಿ ಆ 43ರ ಗೆರೆ ದಾಟಿತು. ಸೆಪ್ಟೆಂಬರಿನಲ್ಲಿ 55 ಪೆನ್ಸ್ ಆಯಿತು. 16 ಪೆನ್ಸಿನದಾಗಿದ್ದ ರೂಪಾಯಿಯಲ್ಲಿ 20 ಪೆನ್ಸಿಗೂ ಮಿಕ್ಕಿದ ಬೆಳ್ಳಿ.

ಸರ್ಕಾರ ಏನೇನು ಮಾಡಿತು ನೋಡಿ. ಜೂನ್ ಕೊನೆಯಲ್ಲೇ ನಾಣ್ಯ ಕರಗಿಸುವುದು ಅಪರಾಧ ಅಂತ ಮಾಡಿತ್ತು. ಖಾಸಗಿಯವರು ಬೆಳ್ಳಿ ತರಿಸುವುದನ್ನು ಸೆಪ್ಟೆಂಬರಿನಲ್ಲಿ ನಿಲ್ಲಿಸಿತು. ರೂಪಾಯಿಯ ದರವನ್ನು ಆಗಸ್ಟ್ 28ರಂದು 1 ಶಿಲ್ಲಿಂಗ್ 5 ಪೆನ್ಸಿಗೆ ಏರಿಸಿತು. ಆಮೇಲೂ ಏರಿಸುತ್ತಲೇ ಹೋಗಿ 1919ರ ಡಿಸೆಂಬರಿನಲ್ಲಿ 2 ಶಿಲ್ಲಿಂಗ್ 4 ಪೆನ್ಸ್ ಮುಟ್ಟಿತು. ಮುಂಬೈಯಲ್ಲಿ 1918ರಲ್ಲಿ 15 ರೂಪಾಯಿಯ ಚಿನ್ನದ ಮೊಹರು ಅಚ್ಚು ಹಾಕಿತು. ಚಿಲ್ಲರೆಗೆ ಬೆಳ್ಳಿ ಬಿಟ್ಟು ನಿಕ್ಕಲ್ ಬೆರಸಿದ ಎರಡಾಣೆ, ನಾಲ್ಕಾಣೆ, ಎಂಟಾಣೆ ತಂದಿತು. ಇದೆಲ್ಲದರ ನಡುವೆ 1917ರ ನವೆಂಬರ್ 30ರಂದು ಒಂದು ರೂಪಾಯಿಯ ನೋಟು. ಅದರ ಬೆನ್ನಿಗೇ ಎರಡು ರೂಪಾಯಿ ಎಂಟಾಣೆಯ ನೋಟು. ಹೌದು, ಎರಡೂವರೆ ರೂಪಾಯಿಯ ನೋಟು. ಅದು ಈಗ ತೀರಾ ಅಪರೂಪ, ನನ್ನಂಥವರ ಕೈಗೆ ಎಟುಕುವ ಬೆಲೆಯಲ್ಲ. ನೋಡಿ ಕಣ್ಣು ತುಂಬಿಕೊಳ್ಳುವುದಷ್ಟೇ.

ಈಗ ಆ ನೋಟನ್ನು ಮೊದಲ ಸಲ ಕೈಗೆ ತೆಗೆದುಕೊಂಡವರ ಜಾಗದಲ್ಲಿ ನಿಂತು ನೋಡಿ. ಹತ್ತಿ ಮಾರಲು ಪೇಟೆಗೆ ಬಂದ ರೈತ ಅಂದುಕೊಳ್ಳಿ. ನಿನ್ನೆಯವರೆಗೆ ತೊಲೆ ತೂಕದ ಬೆಳ್ಳಿ ಸಿಗುತ್ತಿತ್ತು. ಇವತ್ತು ಅದರ ಚಿತ್ರ ಇರುವ ಕಾಗದ. ನೆಲದಲ್ಲಿ ಹೂಳಿದರೆ ಗೆದ್ದಲು ತಿನ್ನುತ್ತದೆ. ಮಳೆಗೆ ನೆನೆಯುತ್ತದೆ. ಸರ ಮಾಡಿಸಲು ಬರುವುದಿಲ್ಲ. ಬಡಿದರೆ ಸದ್ದಿಲ್ಲ. ನಗದು ಮಾಡಿಸೋಣ ಅಂದರೆ ಖಜಾನೆಯಲ್ಲಿ ಬೆಳ್ಳಿ ಕೊಡುವುದನ್ನು ಬಿಗಿ ಮಾಡಿದ್ದಾರೆ. ರೈಲಿನಲ್ಲಿ ನಾಣ್ಯದ ಚೀಲ ಸಾಗಿಸುವುದಕ್ಕೂ ತಡೆ. ಹಾಗಾಗಿ ಎಷ್ಟೋ ಕಡೆ ನೋಟಿಗೆ ಬಟ್ಟಾ ಬಿತ್ತು. ಒಂದು ರೂಪಾಯಿ ಅಂತ ಬರೆದ ಕಾಗದಕ್ಕೆ ಪೂರ್ತಿ ಒಂದು ರೂಪಾಯಿಯ ಬೆಳ್ಳಿ ಸಿಗುತ್ತಿರಲಿಲ್ಲ.

ಹಳ್ಳಿಯವರಿಗೆ ತಿಳಿವಳಿಕೆ ಇರಲಿಲ್ಲ, ಕಾಗದದ ದುಡ್ಡು ಅಭ್ಯಾಸ ಇರಲಿಲ್ಲ, ಅದಕ್ಕೇ ನೋಟಿಗೆ ಹೆದರಿದರು ಅಂತ ಹೇಳುವವರಿದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಅವರಿಗೆ ಲೆಕ್ಕ ಚೆನ್ನಾಗಿಯೇ ಗೊತ್ತಿತ್ತು. ಸರ್ಕಾರದ ಹತ್ತಿರ ಬೆಳ್ಳಿ ಇಲ್ಲ ಅಂತ ಅವರು ಅಂದುಕೊಂಡರು. ನಿಜಕ್ಕೂ ಇರಲಿಲ್ಲ. ಯುದ್ಧಕ್ಕೆ ಮುಂಚೆ, 1914ರಲ್ಲಿ, ಚಲಾವಣೆಯಲ್ಲಿದ್ದ ನೋಟು ಸುಮಾರು 66 ಕೋಟಿ ರೂಪಾಯಿಯದು. ಅದರಲ್ಲಿ 14 ಕೋಟಿಯಷ್ಟಕ್ಕೆ ಮಾತ್ರ ಸರ್ಕಾರದ ಸಾಲಪತ್ರದ ಆಧಾರ ಇರಬಹುದು, ಉಳಿದದ್ದಕ್ಕೆಲ್ಲ ಲೋಹವೇ ಇರಬೇಕು ಅಂತ ಕಾಯಿದೆ. 1919ರ ಕೊನೆಗೆ ನೋಟು 180 ಕೋಟಿಯ ಹತ್ತಿರ ಹೋಗಿತ್ತು. ಆ 14 ಕೋಟಿಯ ಮಿತಿಯನ್ನು ಏರಿಸಿ ಏರಿಸಿ 120 ಕೋಟಿ ಮಾಡಿದ್ದರು. ಸಾಲಪತ್ರ ಅಂದರೆ ಮತ್ತೊಂದು ಕಾಗದ. ಕಾಗದಕ್ಕೆ ಕಾಗದವೇ ಜಾಮೀನು ಆದಾಗ, ಬೆಳ್ಳಿ ಕೈಬಿಡದೆ ಹಿಡಿದುಕೊಂಡವರು ಜಾಣರೇ ಅಲ್ವಾ?

1918ರ ಮಾರ್ಚಿನಲ್ಲಿ ಜರ್ಮನಿ ಫ್ರಾನ್ಸಿನಲ್ಲಿ ದೊಡ್ಡ ದಾಳಿ ಶುರು ಮಾಡಿತು. ಬ್ರಿಟಿಷರು ಸೋಲುತ್ತಾರೆ ಅಂತ ಇಲ್ಲಿ ಸುದ್ದಿ ಹಬ್ಬಿತು. ಮುಂಬೈಯ ಕರೆನ್ಸಿ ಕಚೇರಿ ಮುಂದೆ ಜನ ನೋಟು ಹಿಡಿದು ಮುಗಿಬಿದ್ದರು. ಬೇರೆ ಊರುಗಳಲ್ಲೂ ಅದೇ ಪಾಡು. ಜೂನ್ ಮೊದಲ ವಾರದ ಹೊತ್ತಿಗೆ ಇಡೀ ಬ್ರಿಟಿಷ್ ಇಂಡಿಯಾದ ಕರೆನ್ಸಿ ಮೀಸಲಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿ 4 ಕೋಟಿ ಚಿಲ್ಲರೆ. ಹೊರಗಿದ್ದ ನೋಟು ಸುಮಾರು 100 ಕೋಟಿಯದು. ಕೌಂಟರಿನ ಆಚೆ ಕೂತವರ ಕಷ್ಟ ನನಗೆ ಗೊತ್ತು. ಡ್ರಾಯರಿನಲ್ಲಿ ಇರುವುದೆಷ್ಟು, ಸಾಲಿನಲ್ಲಿ ನಿಂತವರೆಷ್ಟು ಅಂತ ಕಣ್ಣಳತೆಯಲ್ಲೇ ಲೆಕ್ಕ ಹಾಕುತ್ತಾ, ಮುಖದಲ್ಲಿ ಏನೂ ತೋರಿಸದೆ ಎಣಿಸಿ ಕೊಡುತ್ತಾ ಇರಬೇಕು. ಒಬ್ಬರಿಗೆ ಇಷ್ಟೇ ಅಂತ ಮಿತಿ ಹಾಕಿದ್ದರು. ವಾಗ್ದಾನ ಮುರಿಯಲು ಇನ್ನು ಕೆಲವೇ ದಿನ ಬಾಕಿ ಇತ್ತು.

ಕಾಪಾಡಿದ್ದು ಅಮೆರಿಕ. ನೆವಾಡಾ ರಾಜ್ಯದ ಸೆನೆಟರ್ ಕೀ ಪಿಟ್‌ಮನ್ ಹೆಸರಿನ ಕಾಯಿದೆ 1918ರ ಏಪ್ರಿಲ್ 23ರಂದು ಪಾಸಾಯಿತು. ಅಮೆರಿಕದ ಖಜಾನೆಯಲ್ಲಿ ಸುಮ್ನೆ ಬಿದ್ದಿದ್ದ ಬೆಳ್ಳಿ ಡಾಲರುಗಳಲ್ಲಿ 35 ಕೋಟಿಯವರೆಗೆ ಕರಗಿಸಿ ಮಾರಬಹುದು ಅಂತ ಅದು ಹೇಳಿತು. ಕರಗಿಸಿದ್ದು ಸುಮಾರು 27 ಕೋಟಿ. ಅದರಲ್ಲಿ ಹತ್ತಿರ ಹತ್ತಿರ 26 ಕೋಟಿ ಡಾಲರಿನ ಬೆಳ್ಳಿ, ಸುಮಾರು 20 ಕೋಟಿ ಔನ್ಸ್, ಬ್ರಿಟನ್ ಮೂಲಕ ಭಾರತಕ್ಕೆ ಬಂತು. ಜುಲೈನಲ್ಲಿ ಮೊದಲ ಹಡಗಿನ ಬೆಳ್ಳಿ ಮುಟ್ಟಿತು. ಮುಂಬೈ, ಕಲ್ಕತ್ತೆಯ ಟಂಕಸಾಲೆಗಳು ಎರಡೂ ಸೇರಿ 1918ರಲ್ಲೂ 1919ರಲ್ಲೂ ವರ್ಷಕ್ಕೆ 40 ಕೋಟಿಗೂ ಜಾಸ್ತಿ ರೂಪಾಯಿ ಅಚ್ಚು ಹಾಕಿದವು. ಯಾವ ವರ್ಷದ, ಯಾವ ಊರಿನ ಡಾಲರುಗಳನ್ನು ಕರಗಿಸಿದ್ದು ಅಂತ ಅಮೆರಿಕದವರು ಲೆಕ್ಕ ಇಡಲಿಲ್ಲ. ಅಲ್ಲಿನ ನಾಣ್ಯ ಸಂಗ್ರಾಹಕರು ಇವತ್ತಿಗೂ ಅದಕ್ಕೆ ಹಲುಬುತ್ತಾರೆ. ಮಾರಿದಷ್ಟನ್ನು ತಮ್ಮ ಗಣಿಗಳಿಂದಲೇ ಮತ್ತೆ ಕೊಂಡು ತುಂಬಿಸಬೇಕು ಅಂತಲೂ ಆ ಕಾಯಿದೆಯಲ್ಲಿ ಇತ್ತು. ಅದಕ್ಕೇ 1921ರಲ್ಲಿ ಅಲ್ಲಿ ಮತ್ತೆ ಬೆಳ್ಳಿ ಡಾಲರ್ ಅಚ್ಚಾಗಲು ಶುರುವಾಯಿತು.

ನಮ್ಮ ಮನೆಯಲ್ಲಿ ದೀಪಾವಳಿ ಲಕ್ಷ್ಮೀ ಪೂಜೆಗೆ ತಟ್ಟೆಯಲ್ಲಿ ಇಡುವ ಬೆಳ್ಳಿ ರೂಪಾಯಿಗಳಿವೆ. ಅತ್ತೆಯವರ ಟ್ರಂಕಿನಿಂದ ಬಂದವು. ಈ ಕಥೆ ಓದಿದ ಮೇಲೆ ಒಂದೊಂದನ್ನೇ ತಿರುಗಿಸಿ ಇಸವಿ ನೋಡಿದೆ. ಬಹಳಷ್ಟು 1918, 1919. ನಿಮ್ಮ ಮನೆಯಲ್ಲಿ ಇದ್ದರೂ ಹೀಗೇ ಇರುವ ಸಾಧ್ಯತೆ ಜಾಸ್ತಿ, ಯಾಕೆಂದರೆ ಅಚ್ಚಾದದ್ದೇ ಆ ಎರಡು ವರ್ಷ ಅಷ್ಟೊಂದು. ನೆವಾಡಾದ ಗಣಿಯಿಂದ ಎದ್ದು, ಡಾಲರಾಗಿ ಖಜಾನೆಯಲ್ಲಿ ಕೂತು, ಕರಗಿ, ಸಮುದ್ರ ದಾಟಿ, ಮುಂಬೈಯಲ್ಲಿ ರೂಪಾಯಿಯಾಗಿ, ಹುಬ್ಬಳ್ಳಿಯ ಟ್ರಂಕಿನೊಳಗೆ ಬಂದಿರಬಹುದು. ಅರಿಶಿನ ಕುಂಕುಮ ಹತ್ತಿದ ಆ ನಾಣ್ಯ ಕೈಯಲ್ಲಿ ಹಿಡಿದಾಗ ನನಗೆ ಮೈ ಜುಮ್ಮೆಂದಿತು.

ಕಲಬುರಗಿ, ರಾಯಚೂರು, ಬೀದರಿನ ಕಡೆಯವರು ಕೇಳಬಹುದು, ನಮ್ಮ ಕಡೆ ಏನು ನಡೆಯಿತು ಅಂತ. ಅದು ನಿಜಾಮರ ರಾಜ್ಯ, ಅಲ್ಲಿಯ ರೂಪಾಯಿಯೇ ಬೇರೆ, ಚಾರ್‌ಮಿನಾರ್ ಚಿತ್ರದ್ದು. ಬೆಳ್ಳಿಯ ಅಭಾವ ಅವರನ್ನೂ ಬಿಡಲಿಲ್ಲ. 1918ರಲ್ಲಿ ಹೈದರಾಬಾದ್ ಸರ್ಕಾರ ತನ್ನದೇ ಹತ್ತರ, ನೂರರ ನೋಟು ತಂದಿತು. ಮರುವರ್ಷ ಒಂದರದೂ ಐದರದೂ ಬಂದವು. ಉರ್ದು ಮುಖ್ಯ, ಜೊತೆಗೆ ಇಂಗ್ಲಿಷ್, ತೆಲುಗು, ಮರಾಠಿ, ಕನ್ನಡ. ಆ ನೋಟುಗಳ ಬಗ್ಗೆ ಬೇರೆಯಾಗಿಯೇ ಬರೆಯಬೇಕು, ಅಷ್ಟು ಚೆಂದ ಇವೆ.

ಯುದ್ಧ ಮುಗಿಯಿತು. 1920ರ ಫೆಬ್ರವರಿಯಲ್ಲಿ 89 ಪೆನ್ಸ್ ದಾಟಿದ್ದ ಬೆಳ್ಳಿ ಆಮೇಲೆ ಜರ್ರನೆ ಇಳಿಯಿತು. ಒಂದು ರೂಪಾಯಿ ನೋಟಿನ ಅವಸರ ಯಾರಿಗೂ ಉಳಿಯಲಿಲ್ಲ. 1926ರ ಜನವರಿ 1ಕ್ಕೆ ಅದನ್ನೂ ಎರಡೂವರೆಯದನ್ನೂ ನಿಲ್ಲಿಸಿದರು. ಕಾರಣ ಖರ್ಚು. ಚಿಕ್ಕ ನೋಟು ಬೇಗ ಕೈ ಬದಲಿಸುತ್ತದೆ, ಬೇಗ ಹರಿಯುತ್ತದೆ, ಮತ್ತೆ ಅಚ್ಚು ಹಾಕಬೇಕು. ನಾಣ್ಯ ಒಮ್ಮೆ ಮಾಡಿದರೆ ತಲೆಮಾರು ಬರುತ್ತದೆ. ಕೌಂಟರಿನಲ್ಲಿ ಚಿಂದಿ ನೋಟು ಎಣಿಸಿದ ಯಾರಿಗೂ ಈ ಕಾರಣ ಬಿಡಿಸಿ ಹೇಳಬೇಕಾಗಿಲ್ಲ.

ಎರಡನೇ ಮಹಾಯುದ್ಧದಲ್ಲಿ ಮತ್ತೆ ಅದೇ ಕಥೆ. ಜನ ಮತ್ತೆ ಬೆಳ್ಳಿ ಹಿಡಿದಿಟ್ಟುಕೊಂಡರು. 1940ರಲ್ಲಿ ಒಂದು ರೂಪಾಯಿ ನೋಟು ಮತ್ತೆ ಬಂತು. ಆದರೆ ಈ ಸಲ ಸರ್ಕಾರ ಬುದ್ಧಿ ಕಲಿತಿತ್ತು. 1917ರ ನೋಟು ರೂಪಾಯಿ ಕೊಡುತ್ತೇನೆ ಅಂದಿತ್ತು. 1940ರ ನೋಟಿನ ಮೇಲೆ ಆ ವಾಗ್ದಾನವೇ ಇಲ್ಲ. ಕಾನೂನಿನ ಪ್ರಕಾರ ಅದು ತಾನೇ ರೂಪಾಯಿ ನಾಣ್ಯ. ಅದನ್ನು ಕೊಟ್ಟು ಬೆಳ್ಳಿ ಕೊಡಿ ಅಂತ ಯಾರೂ ಕೇಳುವ ಹಾಗಿಲ್ಲ. ಅದೇ ವರ್ಷ ನಾಣ್ಯದೊಳಗಿನ ಬೆಳ್ಳಿಯನ್ನೂ ಅರ್ಧಕ್ಕೆ ಇಳಿಸಿದರು. ವಿಕ್ಟೋರಿಯಾ, ಎಡ್ವರ್ಡ್, ಜಾರ್ಜ್ ಹೆಸರಿನ ಹಳೆಯ ರೂಪಾಯಿಗಳನ್ನು ಒಂದೊಂದಾಗಿ ವಾಪಸು ಕರೆದರು. 1947ರಲ್ಲಿ ಬಂದ ರೂಪಾಯಿ ನಿಕ್ಕಲ್ಲಿನದು, ಬೆಳ್ಳಿ ಒಂದು ಚೂರೂ ಇಲ್ಲ.

ನನಗೆ ಬೇಜಾರಾಗುವುದು ಇಲ್ಲೇ. ದೊಡ್ಡವರ ಲೆಕ್ಕದಲ್ಲಿ ಇದೆಲ್ಲ ಜಾಣ ಕ್ರಮ. ಯುದ್ಧ ನಡೆಸಬೇಕು, ಲೋಹ ಉಳಿಸಬೇಕು. ಆದರೆ ಈ ಯುದ್ಧ ಬೇಕು ಅಂತ ಸೆಣಬಿನ ರೈತನೂ ಹತ್ತಿಯ ರೈತನೂ ಕೇಳಿರಲಿಲ್ಲ. ಅವರ ಮಾಲು ಹೋಯಿತು, ಬದಲಿಗೆ ಕಾಗದ ಬಂತು. ಕಾಗದ ಜಾಸ್ತಿಯಾದ ಹಾಗೆ ಅಕ್ಕಿ, ಜೋಳ, ಬಟ್ಟೆ, ಉಪ್ಪಿನ ಬೆಲೆಯೂ ಏರಿತು. ನೋಟಿನ ಚೆಂದ ನೋಡುವಾಗ ಇದನ್ನೂ ನೋಡಬೇಕು ಅಂತ ನನ್ನ ಮಾತು.

1949ರಲ್ಲಿ ಸ್ವತಂತ್ರ ಭಾರತದ ಮೊದಲ ಒಂದು ರೂಪಾಯಿ ನೋಟು ಬಂದಾಗ ದೊರೆಯ ಜಾಗದಲ್ಲಿ ಅಶೋಕನ ಸಿಂಹಗಳು ಕೂತವು. 1994ರಲ್ಲಿ ಅಚ್ಚು ನಿಂತಿತು. 2015ರಲ್ಲಿ ಮತ್ತೆ ಶುರುವಾಯಿತು. ಈಗಿನ ನೋಟನ್ನು ಒಮ್ಮೆ ತೆಗೆದು ನೋಡಿ. ಅದರಲ್ಲೂ ಒಂದು ರೂಪಾಯಿ ನಾಣ್ಯದ ಚಿತ್ರ ಇದೆ. ಸಹಿ ರಿಸರ್ವ್ ಬ್ಯಾಂಕ್ ಗವರ್ನರದಲ್ಲ, ಹಣಕಾಸು ಸಚಿವಾಲಯದ ಕಾರ್ಯದರ್ಶಿಯದು. ವಾಗ್ದಾನದ ಸಾಲು ಇಲ್ಲ. 2011ರ ನಾಣ್ಯ ಕಾಯಿದೆ ನಾಣ್ಯ ಅಂದರೇನು ಅಂತ ಹೇಳುವಾಗ ಈ ಕಾಗದವನ್ನೂ ಅದರೊಳಗೇ ಸೇರಿಸಿದೆ. ಕೌಂಟರಿನಲ್ಲಿ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ನಾನು ಇದನ್ನು ತೋರಿಸುತ್ತಿದ್ದೆ. "ಮೇಡಂ, ಇದಕ್ಯಾಕೆ ಗವರ್ನರ್ ಸಹಿ ಇಲ್ಲ?" ಅಂತ ಕೇಳುತ್ತಿದ್ದರು. ಉತ್ತರ ಶುರುವಾಗುವುದು 1917ರಿಂದ ಅಂತ ಹೇಳಿದರೆ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಿದ್ದರು.

ಕೊನೆಗೆ ಒಂದು ಕೇಳಿಕೆ. ಹಳೆಯ ಟ್ರಂಕು, ದಫ್ತರ, ಅಜ್ಜನ ಲೆಕ್ಕದ ಪುಸ್ತಕದ ನಡುವೆ ಎಡಮೂಲೆಯಲ್ಲಿ ನಾಣ್ಯದ ಚಿತ್ರ ಇರುವ ಇಂಥ ಕಾಗದ ಸಿಕ್ಕರೆ ದಯವಿಟ್ಟು ಲ್ಯಾಮಿನೇಷನ್ ಮಾಡಿಸಬೇಡಿ. ಟೇಪು ಹಚ್ಚಬೇಡಿ, ಇಸ್ತ್ರಿ ಹಾಕಬೇಡಿ, ಅಂಚು ಕತ್ತರಿಸಬೇಡಿ. ಮಡಿಕೆ ಬಿಡಿಸಿ, ಒಳ್ಳೆಯ ಪ್ಲಾಸ್ಟಿಕ್ ಕವರಿನಲ್ಲಿ ಸಪಾಟಾಗಿ ಇಟ್ಟು, ಬಿಸಿಲು ತೇವ ತಾಗದ ಕಡೆ ಇಡಿ. ಬೆಳ್ಳಿ ರೂಪಾಯಿ ಇದ್ದರೆ ವಿಭೂತಿ ಹಾಕಿ ತಿಕ್ಕಿ ಫಳಫಳ ಮಾಡಬೇಡಿ, ಆ ಪುಟ್ಟ ಆನೆ ಮೊದಲು ಸವೆದು ಹೋಗುತ್ತದೆ. ಎರಡೂ ಬದಿಯ ಫೋಟೊ ಕಳಿಸಿದರೆ ಯಾರ ಸಹಿ, ಯಾವ ಕಂತಿನದು ಅಂತ ನೋಡಿ ಹೇಳುತ್ತೇನೆ. ಹಲ್ಲು ಕಾಣುವ ಹಾಗೆ ತೆಗೆಯಿರಿ.